ಭೋರ್‌ನ 11 ಎಕರೆ: ಮಾರುವ ಹಕ್ಕು ಬಿಡದೆ ಕಾಡು ಉಳಿಸಿಕೊಂಡ ನನ್ನ ಅನುಭವ

ಪುಣೆ ಜಿಲ್ಲೆಯ ಭೋರ್ ತಾಲ್ಲೂಕಿನಲ್ಲಿ, ಭಾಟಘರ್ ಹಿನ್ನೀರಿನ ಮೇಲಣ ಇಳಿಜಾರಿನಲ್ಲಿರುವ ನಮ್ಮ 11 ಎಕರೆಯಲ್ಲಿ ಇನ್ನು ಯಾರೂ ಬಂಗಲೆ ಕಟ್ಟುವಂತಿಲ್ಲ, ಗುಡ್ಡ ಅಗೆಯುವಂತಿಲ್ಲ, ಅಳಲೆ, ಮತ್ತಿ, ನೇರಳೆ ಮರಗಳನ್ನು ಉರುಳಿಸುವಂತಿಲ್ಲ. ನಾಲ್ಕು ಪಾಲುಗಳಲ್ಲಿ ಒಂದು ಹೊರಗಿನವರ ಕೈಗೆ ಹೋದ ಮೇಲೂ, ನಾವೇ ಬರೆದು ನೋಂದಾಯಿಸಿಕೊಂಡ ಈ ಕರಾರು ನಿಂತಿದೆ. ನಮ್ಮ ದೇಶದಲ್ಲಿ ಇದಕ್ಕೆ ದಾರಿಯೇ ಇಲ್ಲವೆಂದು ಪುಣೆಯ ಇಬ್ಬರು ಮೂವರು ವಕೀಲರು ನಮ್ಮನ್ನು ಹಿಂದಕ್ಕೆ ಕಳಿಸಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಮುಂದೆ ಬರುವ ಸಾತಬಾರಾ ಎಂದರೆ ನಮ್ಮ ಪಹಣಿಯಂಥ ಮಹಾರಾಷ್ಟ್ರದ ಭೂದಾಖಲೆ, ಮೋಜಣಿ ಎಂದರೆ ಭೂಮಿಯ ಅಳತೆ.

ಧಾರವಾಡ ಸೀಮೆಯ ರೈತನಾಗಿದ್ದ ನಮ್ಮಜ್ಜ ಪುಣೆಯ ಖಡಕಿಗೆ ನೌಕರಿಗೆ ಬಂದವರು. 1956ಕ್ಕೆ ಮೊದಲು ಧಾರವಾಡವೂ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ ಅವರು ಈ ಭೂಮಿಯನ್ನು ಕೊಂಡರು. ಸ್ವಯಾರ್ಜಿತವಾದ್ದರಿಂದ ಅವರ ನಂತರ ಅಪ್ಪ, ಕಾಕಾ ಮತ್ತು ಇಬ್ಬರು ಅತ್ತೆಯಂದಿರಿಗೆ ಸಮಪಾಲು ಬಂತು. ಪ್ಲಾಟಿಂಗ್ ದಲಾಲರು ಎಕರೆಗೆ 15 ಲಕ್ಷದವರೆಗೂ ಆಸೆ ತೋರಿಸುತ್ತಿದ್ದರು. ನಾಲ್ಕು ಮನೆಗಳಲ್ಲಿ ಯಾರೂ ಬಡವರಲ್ಲ, ಯಾರೂ ಶ್ರೀಮಂತರೂ ಅಲ್ಲ.

ಮೊದಲು ಟ್ರಸ್ಟ್ ಮಾಡಿ ಭೂಮಿಯನ್ನು ದಾನ ಕೊಡಲು ಹೊರಟೆವು. 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯ ಪ್ರಕಾರ ಟ್ರಸ್ಟಿನ ಜಮೀನು ಮಾರಲು ಚಾರಿಟಿ ಕಮಿಷನರರ ಅನುಮತಿ ಬೇಕು, ಅದೊಂದು ಗಟ್ಟಿ ಕಾವಲು. ಆದರೆ ಟ್ರಸ್ಟ್ ರೈತನಲ್ಲವಾದ್ದರಿಂದ, ರೈತರಲ್ಲದವರಿಗೆ ಕೃಷಿಭೂಮಿ ಕೊಡುವುದನ್ನು ತಡೆಯುವ 1948ರ ಗೇಣಿ ಕಾಯಿದೆಯ 63ನೇ ಕಲಮು ಅಡ್ಡ ಬಂತು, ಕಲೆಕ್ಟರರ ಅನುಮತಿಯ ಬೆನ್ನು ಹತ್ತಿ ಸುಮಾರು 60,000 ರೂಪಾಯಿ ಖರ್ಚಾಯಿತು. ಆಮೇಲೆ ವನ್ಯಜೀವಿ ಕಾಯಿದೆಯ 36-ಸಿ ಕಲಮಿನ ಸಮುದಾಯ ಮೀಸಲು ಪ್ರದೇಶದ, ಅಂದರೆ ಖಾಸಗಿ ಭೂಮಿಯನ್ನು ಒಡೆಯರ ಒಪ್ಪಿಗೆಯಿಂದ ವನ್ಯಜೀವಿಗಳಿಗಾಗಿ ಕಾಯ್ದಿಡುವ ವಿಚಾರ ಎತ್ತಿದೆ. ಒಮ್ಮೆ ಘೋಷಣೆಯಾದರೆ ಭೂಬಳಕೆ ಬದಲಿಸಲು ಸಮಿತಿಯ ಠರಾವು ಮತ್ತು ರಾಜ್ಯ ಸರ್ಕಾರದ ಒಪ್ಪಿಗೆ ಎರಡೂ ಬೇಕೆಂದು ಓದಿದ ಕಾಕಾ ಕಾಗದವನ್ನು ಮಡಚಿಟ್ಟರು. ಹೆಸರು ನಮ್ಮದಿದ್ದು ಅಧಿಕಾರ ಬೇರೆಯವರದ್ದಾಗುವುದು ಅವರಿಗೆ ಬೇಡವಾಗಿತ್ತು.

ದಾರಿ ತೆರೆದದ್ದು ದೊಡ್ಡತ್ತೆಯ ಮಾತಿನಿಂದ. “ಮಾರಬ್ಯಾಡ್ರಿ ಅಂತ ನಾ ಯಾರಿಗೂ ಹೇಳಂಗಿಲ್ಲ. ಝರಿ ನೀರು ಮಾತ್ರ ಕೆಡಿಸಬ್ಯಾಡ್ರಿ” ಎಂದರು ಅವರು. ಚಿಕ್ಕತ್ತೆಯ ಪಾಲಿನ ಕೆಳತುದಿಯಲ್ಲಿ, ಅಂಜನಿಯ ಪೊದೆಗಳ ಬುಡದಲ್ಲಿರುವ ಕಲ್ಲಿನ ಕುಣಿಗೆ ಮೇ ತಿಂಗಳಲ್ಲೂ ಬೆರಳು ಗಾತ್ರದ ಧಾರೆ ಬೀಳುತ್ತದೆ. ಬೇಸಿಗೆಯಲ್ಲಿ ನಾಲ್ಕೂ ಪಾಲಿಗೆ ಇರುವ ನೀರು ಅದೊಂದೇ, ಅದು ಬರುವುದು ಮೇಲಿನ ಮೂರು ಪಾಲುಗಳ ಕಾಡಿನಿಂದ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 10ನೇ ಕಲಮಿನಂತೆ ಮಾರಾಟವನ್ನೇ ಪೂರ್ತಿ ತಡೆಯುವ ಷರತ್ತು ನಿಲ್ಲುವುದಿಲ್ಲ, ವಕೀಲರು ಹೆದರಿಸುತ್ತಿದ್ದುದು ಅದನ್ನು ತೋರಿಸಿಯೇ. ಆದರೆ ಅದೇ ಕಾಯಿದೆಯ 40ನೇ ಕಲಮಿನ ಪ್ರಕಾರ, ತನ್ನ ಭೂಮಿಯ ಅನುಕೂಲಕ್ಕಾಗಿ ಇನ್ನೊಬ್ಬರ ಭೂಮಿಯ ಬಳಕೆಗೆ ಮಿತಿ ಹಾಕುವ ಹಕ್ಕನ್ನು, ವಿಷಯ ತಿಳಿದೂ ಆ ಭೂಮಿಯನ್ನು ಕೊಂಡವರ ಮೇಲೆಯೂ ಚಲಾಯಿಸಬಹುದು. ನೋಂದಣಿಯಾದ ಪತ್ರವಿದ್ದರೆ ತಿಳಿದಿರಲಿಲ್ಲವೆಂದು ಹೇಳಿ ಪಾರಾಗುವಂತಿಲ್ಲ. ಲಂಡನ್ನಿನ ಲೆಸ್ಟರ್ ಚೌಕದ ತೋಟದಲ್ಲಿ ಕಟ್ಟಡ ಏಳದಂತೆ 1848ರಲ್ಲಿ ತಡೆದ ತೀರ್ಪು ನಿಂತಿದ್ದೂ ಇಂಥ ತತ್ವದ ಮೇಲೆಯೇ.

ಹೀಗಾಗಿ ಮೊದಲು ಮೋಜಣಿ ಮಾಡಿಸಿ ನಾಲ್ಕು ಪಾಲನ್ನು ಬೇರೆ ಮಾಡಿಕೊಂಡೆವು. ಕಾಡು ಉಳಿಸಲು ಹೊರಟವರು ಭೂಮಿಯನ್ನು ಒಡೆಯುವುದೇ ಎಂದು ನಕ್ಕವರಿದ್ದರು. ಆದರೆ ಬೇರೆ ಬೇರೆ ತುಂಡುಗಳಿಲ್ಲದೆ ಒಂದರ ಹಿತಕ್ಕಾಗಿ ಇನ್ನೊಂದನ್ನು ಕಟ್ಟಿಹಾಕುವುದು ಸಾಧ್ಯವೇ ಇಲ್ಲ. ಬಳಿಕ ಪ್ರತಿ ಪಾಲಿನವರೂ ಉಳಿದ ಮೂವರ ನೀರಿನ ಸಲುವಾಗಿ ತಮ್ಮ ಪಾಲಿನಲ್ಲಿ ಏನೇನು ಮಾಡುವುದಿಲ್ಲವೆಂದು ಬರೆದುಕೊಟ್ಟು ನೋಂದಾಯಿಸಿದೆವು. ‘ಮಾಡುವುದಿಲ್ಲ’ ಎಂಬ ಕರಾರು ಕೊಂಡವರಿಗೂ ಅಂಟುತ್ತದೆ, ‘ಮಾಡುತ್ತೇವೆ’ ಎಂಬುದು ಅಂಟುವುದಿಲ್ಲ. ಆದ್ದರಿಂದ ಬೆಂಕಿ ಕಾಯುವಂಥ ಕೆಲಸಗಳನ್ನು ಈ ಪತ್ರಕ್ಕೆ ಸೇರಿಸಲಿಲ್ಲ. ಸಾತಬಾರಾದ ‘ಇತರ ಅಧಿಕಾರ’ (ಇತರ ಹಕ್ಕುಗಳ) ಅಂಕಣದಲ್ಲಿ ನಮೂದು ಮಾಡಿಸಲು ತುಂಬ ಅಲೆದಾಡಬೇಕಾಯಿತು. ಮೋಜಣಿ, ವಕೀಲರು, ಮುದ್ರಾಂಕ ಎಲ್ಲ ಸೇರಿ ಸುಮಾರು ಒಂದೂಕಾಲು ಲಕ್ಷ ಬಿತ್ತು.

ನಾಲ್ವರೂ ಒಪ್ಪಿದ್ದು ಒಂದೇ ಕಾರಣಕ್ಕಲ್ಲ. ದೊಡ್ಡತ್ತೆಗೆ ನೀರು ಮುಖ್ಯವಾಗಿತ್ತು. ಚಿಕ್ಕತ್ತೆಗೆ ತವರಿನ ಭೂಮಿ ತನ್ನ ಹೆಸರಿನಲ್ಲೇ ಉಳಿಯುವುದು ಬೇಕಿತ್ತು. ಅಪ್ಪನಿಗೆ ಮಕ್ಕಳ ಕಾಲಕ್ಕೆ ಕೋರ್ಟು ಕಚೇರಿಯ ವ್ಯಾಜ್ಯ ಬರಬಾರದೆಂಬ ಚಿಂತೆಯಿತ್ತು. ಕಾಕಾ ಒಪ್ಪಿದ್ದು ಮಾತ್ರ ಮಾರುವ ಬಾಗಿಲು ತೆರೆದೇ ಇದ್ದುದರಿಂದ. ಆ ಬಾಗಿಲನ್ನು ಮುಚ್ಚಲು ಹೋಗಿದ್ದರೆ ಅವರು ಅಂದೇ ದಲಾಲರ ಬಳಿ ಹೋಗುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕಾಡಿನ ಮೇಲಿನ ಪ್ರೀತಿಯೊಂದನ್ನೇ ನಂಬಿ ಕುಟುಂಬವನ್ನು ಒಪ್ಪಿಸಲು ಹೊರಡುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಈ ನಡುವೆ ಸಸಿ ನೆಡುವ ಪ್ರಯೋಗವನ್ನೂ ಮಾಡಿದೆ. ನೆಟ್ಟ 300ರಷ್ಟು ಸಸಿಗಳಲ್ಲಿ ಉಳಿದದ್ದು 40 ಇರಬಹುದು. ಅದೇ ಹಣವನ್ನು ಬೆಂಕಿಗೆರೆಗೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿಗೆ ಹಾಕಿದ ಮೇಲೆ, ಪ್ರತಿ ಬೇಸಿಗೆಯಲ್ಲಿ ಕಾಡ್ಗಿಚ್ಚು ಹೊತ್ತಿ ಬೋಳಾಗುತ್ತಿದ್ದ ಮೇಲಿನ ಅಂಚಿನಲ್ಲಿ ಮತ್ತಿಯ ಹಳೆಯ ಬೊಡ್ಡೆಗಳು ತಾವಾಗಿ ಚಿಗುರಿ ಈಗ ಆಳೆತ್ತರ ದಾಟಿವೆ. ಕೂಲಿಗೆ ವರ್ಷಕ್ಕೆ 18ರಿಂದ 20 ಸಾವಿರ ಹೋಗುತ್ತದೆ. ಪೇಟಿಯಲ್ಲಿ ಜೇನು ಸಾಕಿದ್ದು ಗಿಟ್ಟಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಕಾಕಾನ ಮಗ ಮನೆ ಸಾಲಕ್ಕಾಗಿ ತನ್ನ ಪಾಲನ್ನು ಮಾರಿದಾಗ. ಕರಾರಿನ ಕಾರಣದಿಂದ ಬೆಲೆಯಲ್ಲಿ ಕಾಲುಭಾಗದಷ್ಟು ಖೋತಾ ಆಯಿತು, ಅದರ ಅರ್ಧವನ್ನು ಉಳಿದ ಮೂರು ಮನೆಯವರು ಕೂಡಿಸಿ ಕೊಟ್ಟೆವು. ಕೊಂಡವರು ಮುಂದಿನ ದೀಪಾವಳಿ ಕಳೆದ ಕೂಡಲೆ ರಸ್ತೆ ಕಡಿಯಲು ಜೆಸಿಬಿ ತಂದರು. ನೋಂದಣಿಯಾದ ಪತ್ರದ ಪ್ರತಿಯನ್ನೂ ಸಾತಬಾರಾವನ್ನೂ ಅವರ ವಕೀಲರಿಗೆ ಕಳಿಸಿದೆವು. ದಾವೆ ಹೂಡುವ ಪ್ರಸಂಗವೇ ಬರಲಿಲ್ಲ, ಆ ವಾರವೇ ಜೆಸಿಬಿ ಗುಡ್ಡ ಇಳಿಯಿತು. ಈಗ ನಮ್ಮ ಮೇಲಿನ ಗಡಿಯ ಮರಾಠಿ ಕುಟುಂಬದವರು ತಮ್ಮ 3 ಎಕರೆಯನ್ನೂ ಇದೇ ಕರಾರಿಗೆ ಸೇರಿಸಿಕೊಳ್ಳುವಿರಾ ಎಂದು ಕೇಳಿದ್ದಾರೆ. ಪ್ರತಿಯಾಗಿ ಅವರು ಬಯಸಿರುವುದು ಝರಿಯ ನೀರಿನಲ್ಲಿ ಒಂದು ಪಾಲು, ಚಿಕ್ಕತ್ತೆ ಅದಕ್ಕೆ ಒಪ್ಪಿದ್ದಾರೆ, ಮಳೆ ನಿಂತ ಮೇಲೆ ಆ 3 ಎಕರೆಯ ಮೋಜಣಿ ಆಗಬೇಕಿದೆ.