ಚಿತ್ರವಿರುವ ಉಲ್ಲನ್ ಟೋಪಿ: ಗ್ರಾಫ್ ಹಾಳೆಯಿಂದ ಮಾರಾಟದ ಸರಕಿನವರೆಗೆ

ಹಾಳೆಯ ಮೇಲೆ ಚೂಪು ಮೂತಿಯ ನರಿ. ಹೆಣೆದು ಮುಗಿಸಿದರೆ ಟೋಪಿಯ ಮೇಲೆ ಚಪ್ಪಟೆ ಮುಖದ ಬೆಕ್ಕು! ಇದು ಹೆಣೆದವರ ತಪ್ಪಲ್ಲ. ಗ್ರಾಫ್ ಹಾಳೆಯ ಮನೆ ಚೌಕವಾಗಿರುತ್ತದೆ, ಹೆಣಿಗೆಯ ಕುಣಿಕೆಗೆ ಅಗಲ ಜಾಸ್ತಿ, ಎತ್ತರ ಕಡಿಮೆ. ಸ್ವಂತ ವಿನ್ಯಾಸದ ಟೋಪಿಗಳ ಸರಣಿ ತರಬೇಕೆಂದಿದ್ದರೆ ಚಿತ್ರಕ್ಕೆ ಮೊದಲು ಕುಣಿಕೆಯ ಅಳತೆ ಹಿಡಿಯಬೇಕು.

ಅಳತೆಯ ತುಂಡು

ಟೋಪಿಗೆ ಬಳಸುವ ನೂಲಿನಲ್ಲೇ, ಎರಡು ಬಣ್ಣ ಸೇರಿಸಿ, 15 ಸೆಂ.ಮೀ. ತುಂಡೊಂದನ್ನು ಹೆಣೆಯಿರಿ. ಟೋಪಿಯನ್ನು ಸುತ್ತಾಗಿ ಹೆಣೆಯುವುದಾದರೆ ತುಂಡೂ ಸುತ್ತಾಗಿಯೇ ಇರಲಿ, ಇಲ್ಲವಾದರೆ ಬಿಗಿ ಬದಲಾಗುತ್ತದೆ. ತೊಳೆದು, ಹರವಿ ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಣಿಸಿ. ತೊಳೆಯದೆ ಎಣಿಸಿದ ಲೆಕ್ಕವನ್ನು ನಂಬಬೇಡಿ.

22 ಕುಣಿಕೆ, 30 ಸಾಲು ಬಂತೆನ್ನಿ. ಆಗ 22 ಮನೆ ಅಗಲ, 22 ಮನೆ ಎತ್ತರದ ವೃತ್ತ 10 ಸೆಂ.ಮೀ. ಅಗಲ, 7.3 ಸೆಂ.ಮೀ. ಎತ್ತರದ ಮೊಟ್ಟೆಯಾಗುತ್ತದೆ. ಕಂಪ್ಯೂಟರಿನಲ್ಲಿ ಪ್ರತಿ ಮನೆಗೂ 30 ಪಿಕ್ಸೆಲ್ ಅಗಲ, 22 ಪಿಕ್ಸೆಲ್ ಎತ್ತರ ಕೊಟ್ಟು ಬರೆದರೆ ಕಣ್ಣಿಗೆ ಕಂಡಂತೆಯೇ ಟೋಪಿಯಲ್ಲೂ ಬರುತ್ತದೆ.

ಚಿತ್ರಕ್ಕೆ ಸಿಗುವ ಜಾಗ

ತಲೆಯ ಸುತ್ತಳತೆ 56 ಸೆಂ.ಮೀ. ಇದ್ದರೆ ಟೋಪಿ ಸುಮಾರು 5 ಸೆಂ.ಮೀ. ಕಡಿಮೆಯಿರಲಿ. 51 ಸೆಂ.ಮೀ.ಗೆ 112 ಕುಣಿಕೆ. ಅನುಕೂಲದ ಸಂಖ್ಯೆ ಇದು: 28 ಕುಣಿಕೆಯ ಚಿತ್ರ ಸರಿಯಾಗಿ ನಾಲ್ಕು ಬಾರಿ ಕೂರುತ್ತದೆ, ನೆತ್ತಿಯನ್ನು 14ರಂತೆ ಎಂಟು ಪಾಲು ಮಾಡಬಹುದು. ಸಂಖ್ಯೆ ಭಾಗವಾಗದಿದ್ದರೆ ಹಿಂಬದಿಯಲ್ಲಿ ಅರ್ಧ ನರಿ ಉಳಿಯುತ್ತದೆ.

ಎತ್ತರ 21 ಸೆಂ.ಮೀ. ಅದರಲ್ಲಿ ಮಡಚಿದ ಅಂಚು 6, ನೆತ್ತಿಯ ಇಳಿಕೆ 6 ಹೋದರೆ ಉಳಿಯುವುದು 9 ಸೆಂ.ಮೀ., ಅಂದರೆ 27 ಸಾಲು. ಕುಣಿಕೆ ಕಡಿಮೆ ಮಾಡುತ್ತಾ ಹೋಗುವ ನೆತ್ತಿಯ ಭಾಗಕ್ಕೆ ಕಿವಿ, ಕೊಂಬು ಚಾಚಿದರೆ ವಕ್ರವಾಗುತ್ತವೆ. ಮಡಚುವ ಅಂಚಿನ ಮೇಲೂ ಚಿತ್ರ ಬೇಕಿದ್ದರೆ ಅದನ್ನು ತಲೆಕೆಳಗಾಗಿ, ಟೋಪಿಯ ಒಳಮೈಯ ಕಡೆಗೆ ಕಾಣುವಂತೆ ಹೆಣೆಯಬೇಕು. ಮಡಚಿದಾಗಲೇ ಅದು ನೆಟ್ಟಗಾಗುವುದು. ಇದನ್ನು ಮರೆತು ಇಡೀ ಸರಕನ್ನೇ ಕೆಡಿಸಿಕೊಳ್ಳುವ ಅಪಾಯವಿದೆ.

ಬಿಡಿಸುವಾಗ

ಪ್ರತಿ ಕುಣಿಕೆಯೂ ಪುಟ್ಟ ಬಾಣದ ಮೊನೆಯ ಹಾಗೆ ಕಾಣುತ್ತದೆ. ಹಾಗಾಗಿ ಒಂದೇ ಕುಣಿಕೆಯ ಕಣ್ಣು ದುಂಡಗಿರುವುದಿಲ್ಲ. ಎರಡು ಕುಣಿಕೆ ಅಗಲ, ಮೂರು ಸಾಲು ಎತ್ತರ ಕೊಟ್ಟರೆ ಕಣ್ಣೆನಿಸುತ್ತದೆ. ಮೀಸೆಯಂಥ ತೆಳು ಗೆರೆಗಳನ್ನು ಹೆಣಿಗೆಯಲ್ಲಿ ತರಲು ಹೋಗಬೇಡಿ, ಆಮೇಲೆ ಸೂಜಿಯಲ್ಲಿ ಕಸೂತಿ ಮಾಡಿ.

ಒಂದು ಸಾಲಿಗೆ ಎರಡೇ ಬಣ್ಣವಿದ್ದರೆ ಕೈಹೆಣಿಗೆ ಸಲೀಸು. ಬಳಸದ ಬಣ್ಣದ ನೂಲು ಹಿಂಬದಿಯಲ್ಲಿ ಹಾಯುತ್ತದಲ್ಲ, ಅದು ಐದು ಕುಣಿಕೆಗಿಂತ ಉದ್ದವಾದರೆ ಟೋಪಿ ಹಾಕುವಾಗ ಬೆರಳಿಗೋ ಕಿವಿಯೋಲೆಗೋ ಸಿಕ್ಕಿಕೊಳ್ಳುತ್ತದೆ. ಬಿಗಿಯಾದರೆ ಇನ್ನೂ ಕಷ್ಟ: ಟೋಪಿ ಹಿಗ್ಗುವುದೇ ಇಲ್ಲ, ಚಿತ್ರದ ಸುತ್ತ ಸುಕ್ಕು. ವಿಶಾಲ ಖಾಲಿ ಜಾಗದಲ್ಲಿ ಹಿಮದ ಚುಕ್ಕಿ, ಎಲೆ ಚೆಲ್ಲುವುದು ಈ ತೊಂದರೆಗೆ ಅಂದವಾದ ಪರಿಹಾರ.

ಆರಿಸಿದ ನೂಲುಗಳನ್ನು ಅಕ್ಕಪಕ್ಕ ಇಟ್ಟು ಫೋಟೊ ತೆಗೆದು ಕಪ್ಪು–ಬಿಳುಪಿಗೆ ಬದಲಿಸಿ ನೋಡಿ. ಕೆಂಪು, ಹಸಿರು ಒಂದೇ ಬೂದಿಯಾಗಿ ಕಂಡರೆ ದೂರದಿಂದ ಚಿತ್ರ ಗುರುತು ಸಿಗದು. ಕಡುಗೆಂಪು, ಕಡುನೀಲಿ ನೂಲನ್ನು ಬಿಳಿ ಬಟ್ಟೆಯ ಜೊತೆ ಅರ್ಧ ಗಂಟೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ನೂಲು ಬೇಡವೇ ಬೇಡ.

ಸಿದ್ಧ ಟೋಪಿಗೆ ಮೆಷಿನ್ ಕಸೂತಿ ಹಾಕಿಸುವುದೂ ಒಂದು ದಾರಿ. ಟೋಪಿಯನ್ನು ಎಳೆದು ಚೌಕಟ್ಟಿಗೆ ಬಿಗಿಯಬಾರದು, ಬಿಚ್ಚಿದಾಗ ಸುಕ್ಕಾಗುತ್ತದೆ. ಕೆಳಗೆ ಗಟ್ಟಿ ಆಧಾರ, ಮೇಲೆ ನೀರಿನಲ್ಲಿ ಕರಗುವ ಹಾಳೆ ಇಲ್ಲದಿದ್ದರೆ ಎಳೆಗಳು ಹೆಣಿಗೆಯೊಳಗೆ ಹೂತುಹೋಗುತ್ತವೆ.

ಸರಣಿ ಮತ್ತು ತಯಾರಿ

ಆರಂಭಕ್ಕೆ ನಾಲ್ಕು ಚಿತ್ರ, ಎಲ್ಲಕ್ಕೂ ಸೇರಿ ಐದಾರು ಬಣ್ಣ ಸಾಕು. ಒಂದರಲ್ಲಿ ಉಳಿದ ನೂಲು ಇನ್ನೊಂದಕ್ಕೆ ಆಗುತ್ತದೆ, ನಾಲ್ಕೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಚಿತ್ರ ಮಾತ್ರ ನಿಮ್ಮದೇ ಆಗಿರಲಿ. ಹೆಸರಾದ ಕಾರ್ಟೂನ್ ಪಾತ್ರವನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ.

ಮೊದಲ ಟೋಪಿಯನ್ನು ತೂಗಿ, ಶೇ 10 ಸೇರಿಸಿ, ಟೋಪಿಗಳ ಸಂಖ್ಯೆಯಿಂದ ಗುಣಿಸಿ ನೂಲು ತನ್ನಿ. ಎಲ್ಲ ಉಂಡೆಗಳ ಬಣ್ಣದ ಲಾಟ್ ಸಂಖ್ಯೆ (ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇರಲಿ. ಹೊರಗೆ ಹೆಣೆಸುವುದಾದರೆ ಗ್ರಾಫ್, ಬಣ್ಣದ ಸಂಖ್ಯೆ, ಅಳತೆ, ಎಷ್ಟು ಹೆಚ್ಚುಕಡಿಮೆ ಒಪ್ಪಿಗೆ (1 ಸೆಂ.ಮೀ. ಸಾಕು), ಲೇಬಲ್ ಹೊಲಿಯುವ ಜಾಗ ಇಷ್ಟನ್ನೂ ಹಾಳೆಯಲ್ಲಿ ಬರೆದುಕೊಡಿ. ಒಪ್ಪಿದ ಮಾದರಿಯ ಒಂದು ಪ್ರತಿ ಅವರ ಬಳಿ, ಒಂದು ನಿಮ್ಮ ಬಳಿ.

ಸರಕು ಬಂದ ಮೇಲೆ ಪ್ರತಿಯೊಂದನ್ನೂ 58 ಸೆಂ.ಮೀ.ವರೆಗೆ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹಿಂಬದಿಯ ನೂಲು ಇಣುಕಿದರೆ, ಎಳೆ ಚಟ್ ಎಂದರೆ, ಆ ಟೋಪಿಯನ್ನು ಪಕ್ಕಕ್ಕಿಡಿ.