ಮೇಜಿನ ಮೇಲೊಂದು ಸುಮೇರಿಯನ್ ದಂಡು

ಪ್ರಾಚೀನ ಕಾಲದ ವಾರ್‌ಗೇಮ್ (ಪುಟ್ಟ ಸೈನಿಕ ಬೊಂಬೆಗಳ ಯುದ್ಧದಾಟ) ಆಡುವವರ ಮೇಜಿನ ಮೇಲೆ ರೋಮನ್ನರಿಗೂ ಗ್ರೀಕರಿಗೂ ಬರವಿಲ್ಲ. ಅವರಿಗಿಂತ ಎರಡು ಸಾವಿರ ವರ್ಷ ಹಿಂದಿನ, ಈಗಿನ ದಕ್ಷಿಣ ಇರಾಕಿನ ಸುಮೇರಿಯನ್ನರು ಕಾಣಸಿಗುವುದು ಅಪರೂಪ. ಕಂಡಾಗಲೂ ಬಹುಪಾಲು ದಂಡುಗಳು ಒಂದೇ ರೀತಿಯಲ್ಲಿ ಕೆಟ್ಟಿರುತ್ತವೆ: ಎಲ್ಲರ ತಲೆಯ ಮೇಲೂ ಚಿನ್ನದ ಬಣ್ಣ, ಕೆಸರಿನಲ್ಲಿ ಅದ್ದಿ ತೆಗೆದಂತಿರುವ ಉಣ್ಣೆಯ ಲಂಗ, ಕಾಲ ಕೆಳಗೆ ಹಳದಿ ಮರಳು. ಜೊತೆಗೆ, ಮೊದಲೇ ಅಂಟಿಸಿ ಮುಗಿಸಿದ್ದರಿಂದ ಒಳಗಡೆ ಕುಂಚ ಹೋಗದೆ ಅರೆಬರೆಯಾಗಿ ಉಳಿದ ಯುದ್ಧಬಂಡಿ. ಮೊದಲ ಮೂರು ತಪ್ಪುಗಳನ್ನು ಆಮೇಲೂ ತಿದ್ದಬಹುದು. ಬಂಡಿ ಕೆಟ್ಟರೆ ಕಿತ್ತು ಮತ್ತೆ ಕಟ್ಟಬೇಕು, ಕೀಳುವಾಗ ಪ್ರಾಣಿಗಳ ಕಾಲು ಮುರಿಯುತ್ತದೆ. ಆದ್ದರಿಂದ ಇಲ್ಲಿ ಬಂಡಿಯ ಮಾತೇ ಹೆಚ್ಚು.

ಮೊದಲು ನೋಡಿ, ಆಮೇಲೆ ಕುಂಚ ಹಿಡಿಯಿರಿ

ಬೊಂಬೆಗಳನ್ನು ಕೊಳ್ಳುವ ಮುನ್ನವೇ ಎರಡು ವಸ್ತುಗಳ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಕಣ್ಣೆದುರು ಅಂಟಿಸಿಕೊಳ್ಳಿ. ಒಂದು, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಸ್ಟ್ಯಾಂಡರ್ಡ್ ಆಫ್ ಊರ್’. ದಕ್ಷಿಣ ಇರಾಕಿನ ಊರ್ ನಗರದ ರಾಜಸಮಾಧಿಗಳನ್ನು ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ಅಗೆಸಿದಾಗ ಸಿಕ್ಕ, ಸುಮಾರು ಅರ್ಧ ಮೀಟರ್ ಉದ್ದದ ಪೆಟ್ಟಿಗೆ ಇದು. ಕಾಲ ಸುಮಾರು ಕ್ರಿ.ಪೂ. 2500. ಇದರ ಯುದ್ಧದ ಬದಿಯಲ್ಲಿ ಮೂರು ಪಟ್ಟಿಗಳಿವೆ: ಕೆಳಗೆ ಬಂಡಿಗಳು, ನಡುವೆ ಕಾಲಾಳುಗಳು, ಮೇಲೆ ಎಲ್ಲರಿಗಿಂತ ಎತ್ತರವಾಗಿ ನಿಂತ ಅರಸ ಮತ್ತು ಅವನೆದುರಿಗೆ ತಂದ ಸೆರೆಯಾಳುಗಳು. ಇನ್ನೊಂದು, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ‘ರಣಹದ್ದುಗಳ ಶಿಲಾಫಲಕ’. ಲಗಾಶ್‌ನ ಅರಸ ಎಯನ್ನಾಟುಮ್ ನೆರೆಯ ಉಮ್ಮಾ ನಗರವನ್ನು ಸೋಲಿಸಿ ನಿಲ್ಲಿಸಿದ ಕಲ್ಲು. ಈಗ ಚೂರುಗಳು ಮಾತ್ರ ಉಳಿದಿವೆ. ಆದರೆ ಗುರಾಣಿಗೆ ಗುರಾಣಿ ತಾಗಿಸಿ, ಈಟಿ ಚಾಚಿ, ಹೆಣಗಳನ್ನು ತುಳಿದು ಬರುವ ಪಡೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೊಂಬೆಯ ಪೆಟ್ಟಿಗೆಯ ಮೇಲಿನ ಚಿತ್ರವನ್ನು ನಂಬಬೇಡಿ, ಇವೆರಡನ್ನು ನಂಬಿ.

ಒಂದು ಎಚ್ಚರಿಕೆ. ಸ್ಟ್ಯಾಂಡರ್ಡ್‌ನಲ್ಲಿ ಕಣ್ಣು ಕುಕ್ಕುವ ನೀಲಿ ಇದೆ. ಅದನ್ನು ನೋಡಿ ಸೈನಿಕರ ಬಟ್ಟೆಗೂ ಗುರಾಣಿಗೂ ನೀಲಿ ಬಳಿಯುವವರು ಬಹಳ. ಆ ನೀಲಿ ಚಿತ್ರದ ಹಿನ್ನೆಲೆಯದು, ಆಕೃತಿಗಳ ಬಟ್ಟೆಯದಲ್ಲ. ಆಕೃತಿಗಳನ್ನು ಕಪ್ಪೆಚಿಪ್ಪಿನಲ್ಲಿ ಕೊರೆದು, ಸುತ್ತಲೂ ಅಫ್ಗಾನಿಸ್ತಾನದ ಬದಖ್‌ಶಾನ್ ಕಡೆಯಿಂದ ಬಂದ ಲ್ಯಾಪಿಸ್ ಕಲ್ಲನ್ನು ಡಾಂಬರಿನಲ್ಲಿ ಕೂರಿಸಿದ್ದಾರೆ. ಅಷ್ಟು ದೂರದಿಂದ ತರಿಸಿದ ಕಲ್ಲಿನ ಬಣ್ಣವನ್ನು ಸಾಮಾನ್ಯ ಈಟಿಗಾರನಿಗೆ ಕೊಡಬೇಡಿ. ದಂಡಿನಲ್ಲಿ ನೀಲಿ ಬೇಕೇ ಬೇಕೆನಿಸಿದರೆ ಅರಸನ ಬಂಡಿಯ ಅಂಚಿಗೆ ಒಂದು ಪಟ್ಟಿ ಸಾಕು.

ಗಾತ್ರ ಮತ್ತು ಸಂಖ್ಯೆ

28 ಮಿಲಿಮೀಟರ್ ಬೊಂಬೆಗಳನ್ನೇ ಕೊಳ್ಳಿ. 15 ಮಿಲಿಮೀಟರ್ ಅಗ್ಗ, ಜಾಗವೂ ಕಡಿಮೆ ಸಾಕು. ಆದರೆ ಈ ದಂಡಿನ ಸೊಗಸೆಲ್ಲ ಉಣ್ಣೆಯ ಕುಚ್ಚುಗಳಲ್ಲಿ ಮತ್ತು ಬಂಡಿಯ ಜೋಡಣೆಯಲ್ಲಿದೆ, ಚಿಕ್ಕ ಗಾತ್ರದಲ್ಲಿ ಎರಡೂ ಕಾಣುವುದಿಲ್ಲ. ಸಂಖ್ಯೆಯ ಬಗ್ಗೆ ಗಾಬರಿ ಬೇಡ. ಡಿಬಿಎ ಎಂಬ ವಾರ್‌ಗೇಮ್ ನಿಯಮಗಳಲ್ಲಿ ಒಂದು ದಂಡಿಗೆ ಬೊಂಬೆಗಳನ್ನು ನಿಲ್ಲಿಸಿ ಅಂಟಿಸುವ 12 ಬೇಸ್‌ಗಳು ಸಾಕು, ಈ ಗಾತ್ರಕ್ಕೆ ಪ್ರತಿ ಬೇಸ್‌ನ ಅಗಲ 60 ಮಿಲಿಮೀಟರ್. ಅದರ ಸೇನಾಪಟ್ಟಿಗಳು ಶುರುವಾಗುವುದೇ ಸುಮೇರಿಯನ್ನರಿಂದ. ನನ್ನ ಆಯ್ಕೆ ಎರಡು ಬಂಡಿ, ಏಳೆಂಟು ಬೇಸ್ ಈಟಿಗಾರರು, ಉಳಿದದ್ದು ಕವಣೆಯವರು ಮತ್ತು ಭರ್ಜಿಯವರು. ಬಿಲ್ಲುಗಾರರನ್ನು ಮೊದಲೇ ರಾಶಿ ಹಾಕಬೇಡಿ.

ತೊಳೆಯುವುದು, ಪ್ರೈಮರ್

ಬೊಂಬೆಗಳ ಅಚ್ಚಿನ ಗೆರೆಗಳನ್ನು ಕೆರೆದು, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡುಗಳಲ್ಲಿ, ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಲೇಪ) ಮುಟ್ಟಲೇಬೇಡಿ. ಗಾಳಿಯ ತೇವಕ್ಕೆ ಅದು ಬೊಂಬೆಯ ಮೇಲೆ ಪುಡಿಪುಡಿಯಾಗಿ ಕೂರುತ್ತದೆ. ಕುಂಚದಿಂದ ಹಚ್ಚುವ ಪ್ರೈಮರ್ ಬಳಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಾಹನಗಳಿಗೆ ಹೊಡೆಯುವ ಅಗ್ಗದ ಪ್ರೈಮರ್ ಯಾವ ಕಾಲಕ್ಕೂ ಬೇಡ, ದಪ್ಪವಾಗಿ ಕೂತು ಉಣ್ಣೆಯ ಕುಚ್ಚುಗಳನ್ನು ಮುಚ್ಚಿಬಿಡುತ್ತದೆ. ಪ್ರೈಮರ್‌ನ ಬಣ್ಣ ಬೂದಿಯಿರಲಿ.

ಕಾಲಾಳುಗಳು

ಎರಕದ ಮೆತು ಲೋಹದ ಈಟಿ ಬಾಗುತ್ತದೆ, ತ್ರೀಡಿ ಪ್ರಿಂಟಿನ ರೆಸಿನ್ ಈಟಿ ಮುರಿಯುತ್ತದೆ. ಎರಡನ್ನೂ ಕತ್ತರಿಸಿ ಎಸೆಯಿರಿ. 0.8 ಮಿಲಿಮೀಟರ್ ಹಿತ್ತಾಳೆ ತಂತಿಯ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಎಲೆಯಾಕಾರಕ್ಕೆ ಅರ ಹಾಕಿದರೆ ಒಳ್ಳೆಯ ಈಟಿ ಸಿದ್ಧ. ಬೊಂಬೆಯ ಮುಷ್ಟಿಗೆ ಕೈಡ್ರಿಲ್‌ನಿಂದ ತೂತು ಕೊರೆದು ತೂರಿಸಿ. ಒಂದು ಬೇಸ್‌ನ ಎಲ್ಲ ಈಟಿಗಳೂ ಒಂದೇ ಕೋನದಲ್ಲಿರಬೇಕು. ಶಿಲಾಫಲಕದ ಪಡೆ ನೋಡಿದರೆ ಭಯ ಹುಟ್ಟುವುದು ಆ ಒಂದೇ ಕೋನದಿಂದ.

ಲಂಗಕ್ಕೆ ಮೊದಲು ಮೂಳೆಬಿಳುಪು ಬಣ್ಣ. ಒಣಗಿದ ಮೇಲೆ ಕಂದು ವಾಶ್ (ಸಂದುಗಳಿಗೆ ಇಳಿಯುವ ತೆಳು ಬಣ್ಣ), ಅದೂ ಅರ್ಧಕ್ಕರ್ಧ ನೀರು ಬೆರೆಸಿ. ಕಪ್ಪು ವಾಶ್ ಹಾಕಿದರೆ ಉಣ್ಣೆ ಸತ್ತುಹೋಗುತ್ತದೆ. ಕೊನೆಗೆ ಬಿಳಿಯ ಡ್ರೈಬ್ರಶ್, ಅಂದರೆ ಬಣ್ಣವನ್ನು ಬಹುಪಾಲು ಒರೆಸಿದ ಕುಂಚದಿಂದ ಸವರುವುದು. ಇದನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಆಗ ಜೋತುಬಿದ್ದ ಕುಚ್ಚುಗಳ ತುದಿಗೆ ಮಾತ್ರ ಬಿಳಿ ಹತ್ತುತ್ತದೆ. ಮೇಲಿನಿಂದ ಕೆಳಕ್ಕೆ ಎಳೆದರೆ ಸಂದುಗಳಿಗೂ ಹತ್ತಿ ಹಿಂದಿನ ಕೆಲಸವೆಲ್ಲ ಹಾಳು. ಕುರಿಗಳೆಲ್ಲ ಬಿಳಿಯಲ್ಲ, ಆದ್ದರಿಂದ ನಾಲ್ಕರಲ್ಲೊಬ್ಬನಿಗೆ ಬೂದು ಅಥವಾ ಕಂದು ಉಣ್ಣೆ ಕೊಡಿ. ಒಂದೇ ಲೇಪದಲ್ಲಿ ನೆರಳು ಬೆಳಕು ಎರಡನ್ನೂ ಕೊಡುವ ಬಣ್ಣಗಳು ಈಗ ಸಿಗುತ್ತವೆ. ಲಂಗಕ್ಕೆ ಆ ಅಡ್ಡದಾರಿ ಹಿಡಿಯಿರಿ, ತೊಂದರೆಯಿಲ್ಲ. ಚರ್ಮಕ್ಕೂ ಲೋಹಕ್ಕೂ ಬೇಡ.

ಶಿರಸ್ತ್ರಾಣಕ್ಕೆ ತಾಮ್ರದ ಬಣ್ಣ, ಮೇಲೆ ಕಂದು ವಾಶ್. ಊರ್‌ನ ಸಮಾಧಿಗಳಲ್ಲಿ ಸೈನಿಕರ ತಲೆಯ ಮೇಲೆ ಸಿಕ್ಕಿದ್ದು ತಾಮ್ರದ ಶಿರಸ್ತ್ರಾಣಗಳೇ. ಅಲ್ಲೇ ಸಿಕ್ಕ ಮೆಸ್ಕಲಂದುಗ್‌ನ ಪ್ರಸಿದ್ಧ ಚಿನ್ನದ ಶಿರಸ್ತ್ರಾಣ ರಾಜವೈಭವದ್ದು, ಅಂಥದ್ದು ದಂಡಿಗೆ ಒಂದೇ ಇರಲಿ, ಅರಸನಿಗೆ. ತಾಮ್ರಕ್ಕೆ ಹಸಿರು ಕಿಲುಬು ಬಳಿಯುವ ಚಟವನ್ನೂ ಬಿಡಿ. ನಾಲ್ಕೂವರೆ ಸಾವಿರ ವರ್ಷ ಮಣ್ಣಿನಲ್ಲಿದ್ದ ಲೋಹಕ್ಕೆ ಕಿಲುಬು ಸರಿ, ದಿನವೂ ಉಜ್ಜುವ ಸೈನಿಕನ ತಲೆಯ ಮೇಲೆ ಸಲ್ಲದು.

ಬಂಡಿ

ಇಲ್ಲಿಂದ ನಿಧಾನವಾಗಿ ಓದಿ. ಸುಮೇರಿಯನ್ ಯುದ್ಧಬಂಡಿ ಈಜಿಪ್ಟಿನ ಎರಡು ಚಕ್ರದ ಹಗುರ ರಥವಲ್ಲ. ನಾಲ್ಕು ಚಕ್ರ, ಎತ್ತರದ ಮುಂಗಟ್ಟು, ಅದರ ಪಕ್ಕದಲ್ಲಿ ಭರ್ಜಿಗಳ ಬತ್ತಳಿಕೆ, ಒಬ್ಬ ಸಾರಥಿ, ಅವನ ಹಿಂದೆ ಒಬ್ಬ ಯೋಧ, ಎಳೆಯಲು ನಾಲ್ಕು ಪ್ರಾಣಿಗಳು. ಅಂದರೆ ಏಳು ಬೊಂಬೆಗಳ ಕೆಲಸ ಒಂದೇ ಬೇಸ್‌ನ ಮೇಲೆ.

ಮೊದಲ ದಿನ ಅಂಟನ್ನು ಮುಟ್ಟಬೇಡಿ. ಎಲ್ಲ ಭಾಗಗಳನ್ನೂ ಅಂಟಿಲ್ಲದೆ ಜೋಡಿಸಿ ಬೇಸ್‌ನ ಮೇಲಿಟ್ಟು ನೋಡಿ. 60 ಮಿಲಿಮೀಟರ್ ಅಗಲದಲ್ಲಿ ನಾಲ್ಕು ಪ್ರಾಣಿಗಳು ಹೊಟ್ಟೆಗೆ ಹೊಟ್ಟೆ ತಾಗುವಷ್ಟು ಬಿಗಿಯಾಗಿ ನಿಲ್ಲುತ್ತವೆ. ಸಮಸಾಲಿನಲ್ಲಿ ನಿಲ್ಲಿಸಿದರೆ ಹಿಡಿಸುವುದಿಲ್ಲ. ಒಂದೊಂದನ್ನು ಎರಡು ಮೂರು ಮಿಲಿಮೀಟರ್ ಹಿಂದೆ ಮುಂದೆ ಸರಿಸಿ, ತಲೆಗಳನ್ನು ಸ್ಟ್ಯಾಂಡರ್ಡ್‌ನಲ್ಲಿರುವಂತೆ ಒಂದರ ಹಿಂದೊಂದು ಇಣುಕಿಸಿ. ಒಪ್ಪಿಗೆಯಾದ ಮೇಲೆ ಪ್ರತಿ ಗೊರಸಿನ, ಪ್ರತಿ ಚಕ್ರದ ಜಾಗವನ್ನು ಬೇಸ್‌ನ ಮೇಲೆ ಪೆನ್ಸಿಲಿನಿಂದ ಗುರುತಿಸಿ, ಮೊಬೈಲಿನಲ್ಲಿ ಮೇಲಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆದಿಟ್ಟುಕೊಳ್ಳಿ. ಈಗ ಎಲ್ಲವನ್ನೂ ಬಿಡಿಸಿ.

ಬಿಡಿಸಿದ ಭಾಗಗಳಿಗೆ ಬೇರೆಬೇರೆಯಾಗಿ ಬಣ್ಣ ಹಾಕಬೇಕು. ಪ್ರತಿ ಪ್ರಾಣಿಯ ಒಂದು ಗೊರಸಿಗೆ ಸಣ್ಣ ತಂತಿ ತೂರಿಸಿ ಬಾಟಲಿಯ ಬಿರಡೆಗೆ ಚುಚ್ಚಿಡಿ, ಆ ತಂತಿಯೇ ಕೊನೆಗೆ ಬೇಸ್‌ಗೆ ಹೊಕ್ಕುವ ಮೊಳೆಯೂ ಆಗುತ್ತದೆ. ಚಕ್ರಗಳು ಬೇರೆ, ಬಂಡಿಯ ಒಡಲು ಬೇರೆ, ಮೂಕಿ (ಬಂಡಿಯಿಂದ ನೊಗದವರೆಗೆ ಚಾಚುವ ಉದ್ದ ಮರ) ಮತ್ತು ನೊಗ ಬೇರೆ, ಇಬ್ಬರು ಆಳುಗಳು ಬೇರೆ. ಸಾರಥಿಯನ್ನು ಒಡಲೊಳಗೆ ಮೊದಲೇ ಅಂಟಿಸಿದರೆ ಅವನ ಲಂಗದ ಮುಂಭಾಗಕ್ಕೂ ಮುಂಗಟ್ಟಿನ ಒಳಬದಿಗೂ ಕುಂಚ ತಲುಪುವುದಿಲ್ಲ. ಕಾಣುವುದಿಲ್ಲವಲ್ಲ ಎಂದು ಬಿಟ್ಟವರ ಬಂಡಿಗಳನ್ನು ನೋಡಿದ್ದೇನೆ. ಮೇಜಿನ ಆಟವನ್ನು ಮೇಲಿನಿಂದ ಬಗ್ಗಿ ನೋಡುತ್ತೇವೆ, ಎಲ್ಲಕ್ಕಿಂತ ಮೊದಲು ಕಾಣುವುದೇ ಒಡಲಿನ ಒಳಭಾಗ.

ಪ್ರಾಣಿಗಳಿಗೆ ಕುದುರೆಯ ಬಣ್ಣ ಬೇಡ. ಅವು ಕುದುರೆಗಳಲ್ಲ. ಸಾಕು ಹೆಣ್ಣುಕತ್ತೆಗೂ ಸಿರಿಯಾದ ಗಂಡು ಕಾಡುಕತ್ತೆಗೂ ಹುಟ್ಟಿದ, ಕುಂಗಾ ಎಂಬ ಮಿಶ್ರತಳಿಯನ್ನು ಇಂಥ ಬಂಡಿಗಳಿಗೆ ಹೂಡುತ್ತಿದ್ದರು. ಸಿರಿಯಾದ ಉಮ್ಮ್ ಎಲ್-ಮರಾದಲ್ಲಿ ಸಿಕ್ಕ ಮೂಳೆಗಳ ಡಿಎನ್ಎ ಅಧ್ಯಯನ 2022ರಲ್ಲಿ ಈ ಹುಟ್ಟನ್ನು ಖಚಿತಪಡಿಸಿತು. ಆದ್ದರಿಂದ ಮೈಗೆ ಮಾಸಲು ಮರಳುಗಂದು, ಹೊಟ್ಟೆ ಮತ್ತು ಮೂತಿಗೆ ಬಿಳಿಚು, ಬೆನ್ನಮೇಲೆ ಸಣ್ಣ ಕಪ್ಪುಗಂದು ಗೆರೆ, ನೆಟ್ಟಗೆ ನಿಂತ ಗಿಡ್ಡ ಕೇಸರಕ್ಕೂ ಬಾಲದ ತುದಿಯ ಕುಚ್ಚಿಗೂ ಅದೇ ಕಪ್ಪುಗಂದು. ನಾಲ್ಕಕ್ಕೂ ಒಂದೇ ಬಟ್ಟಲಿನ ಬಣ್ಣ ಬಳಸಿ, ಆದರೆ ಒಂದಕ್ಕೆ ಒಂದು ಹನಿ ಬೂದು, ಇನ್ನೊಂದಕ್ಕೆ ಒಂದು ಹನಿ ಕೆಂಗಂದು ಬೆರೆಸಿ. ಹೊಳಪಿನ ವಾರ್ನಿಷ್ ತಾಗಿಸಬೇಡಿ.

ಚಕ್ರಗಳು ಹಲಗೆ ಸೇರಿಸಿ ಮಾಡಿದ ಗಟ್ಟಿ ಚಕ್ರಗಳು. ಕಡ್ಡಿಗಳಿರುವ ಚಕ್ರ ಬಂದದ್ದು ಶತಮಾನಗಳ ನಂತರ. ನಿಮ್ಮ ಪೆಟ್ಟಿಗೆಯಲ್ಲಿ ಕಡ್ಡಿ ಚಕ್ರ ಬಂದಿದ್ದರೆ ಅದನ್ನು ಬದಿಗಿಟ್ಟು ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದನ್ನು ಕತ್ತರಿಸಿಕೊಳ್ಳಿ. ಹಲಗೆಗಳ ಸಂದಿಗೆ ಗಾಢ ಕಂದು, ಅಂಚಿಗೆ ಚರ್ಮದ ಬಣ್ಣ. ಅಚ್ಚಿಗೆ ಕೂರಿಸುವಾಗ ನಾಲ್ಕು ಚಕ್ರಗಳ ಹಲಗೆ ಸಂದುಗಳೂ ಬೇರೆ ಬೇರೆ ಕೋನದಲ್ಲಿರಲಿ, ಇಲ್ಲವಾದರೆ ಬಂಡಿ ಉರುಳುತ್ತಿದೆ ಎನಿಸುವುದಿಲ್ಲ.

ಇನ್ನು ಜೋಡಣೆ. ಮೊದಲು ಒಡಲು ಮತ್ತು ಚಕ್ರ, ಬೇಸ್‌ನ ಮೇಲೆ. ನಂತರ ನಡುವಿನ ಎರಡು ಪ್ರಾಣಿಗಳು. ಅವುಗಳ ನಡುವೆ ಮೂಕಿ ಇಳಿಸಿ, ಕುತ್ತಿಗೆಯ ಮೇಲೆ ನೊಗ ಕೂರಿಸಿ, ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಕಾಯಿರಿ. ಹೊರಗಿನ ಎರಡು ಪ್ರಾಣಿಗಳು ಕೊನೆಗೆ. ಹೊರಗಿನವನ್ನು ಮೊದಲು ನಿಲ್ಲಿಸಿದರೆ ನೊಗ ಹಿಡಿಯಲು ಬೆರಳು ಹೋಗುವುದಿಲ್ಲ. ನೆಗೆಯುವ ಭಂಗಿಯ ಪ್ರಾಣಿಗಳು ಎರಡೇ ಕಾಲಿನ ಮೇಲೆ ನಿಂತು ತೂಗಾಡುತ್ತಿದ್ದರೆ, ಹೊಟ್ಟೆಯ ಕೆಳಗೆ ಬಿದ್ದ ಶತ್ರುವಿನ ಬೊಂಬೆಯೊಂದನ್ನು ಮಲಗಿಸಿ ಅದಕ್ಕೇ ಆಧಾರದ ತಂತಿ ಕೊಡಿ. ಸ್ಟ್ಯಾಂಡರ್ಡ್‌ನಲ್ಲೂ ಪ್ರಾಣಿಗಳ ಕಾಲಡಿಯಲ್ಲಿ ಹೆಣಗಳಿವೆ.

ಎಲ್ಲರೂ ಸೋಲುವುದು ಲಗಾಮಿನಲ್ಲಿ. ಹೊಲಿಗೆಯ ದಾರ ಬಳಸಬೇಡಿ, ಅದರ ಎಳೆಗಳು ಈ ಗಾತ್ರದಲ್ಲಿ ರೋಮದಂತೆ ಎದ್ದು ಕಾಣುತ್ತವೆ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಣ್ಣ ತಾಮ್ರದ ತಂತಿಯ ತುಂಡು ಕೇಳಿ, ಕೂದಲಿಗಿಂತ ಸ್ವಲ್ಪ ದಪ್ಪದ್ದು. ಎಳೆದು ನೇರ ಮಾಡಿ, ಪ್ರೈಮರ್ ಸವರಿ, ಕಂದು ಬಣ್ಣ ಹಚ್ಚಿ ಒಣಗಿಸಿ. ಈ ಪ್ರಾಣಿಗಳ ಬಾಯಿಗೆ ಕಡಿವಾಣವಿಲ್ಲ. ನಮ್ಮ ಎತ್ತಿಗೆ ಮೂಗುದಾರವಿರುವ ಹಾಗೆ ಇವಕ್ಕೆ ಮೂತಿಯ ಬಳಿ ಬಳೆ. ಹಗ್ಗ ಅಲ್ಲಿಂದ ಹೊರಟು ಮೂಕಿಯ ಮೇಲಿನ ಬಳೆಯೊಳಗೆ ತೂರಿ ಸಾರಥಿಯ ಕೈಗೆ ಬರುತ್ತದೆ. ಆ ಮೂಕಿಯ ಬಳೆಯನ್ನು ಮರೆಯಬೇಡಿ. ಊರ್‌ನಲ್ಲಿ ಪುಆಬಿ ಎಂಬ ರಾಣಿಯ ಸಮಾಧಿಯಲ್ಲಿ ಬೆಳ್ಳಿಯ ಬಳೆಯೊಂದು ಸಿಕ್ಕಿದೆ, ಅದರ ಮೇಲೆ ಕತ್ತೆಯ ಜಾತಿಯ ಪ್ರಾಣಿಯ ಪುಟ್ಟ ಪ್ರತಿಮೆ ನಿಂತಿದೆ. ನಿಮ್ಮ ಬಂಡಿಗೆ ಅದೇ ತಂತಿಯ ಎರಡು ಸುತ್ತು ಸಾಕು.

ಅಂಟಿಸುವ ಕ್ರಮ ಮೂತಿ, ಬಳೆ, ಕೈ. ಕೈಯಿಂದ ಆರಂಭಿಸಿದರೆ ಮೂತಿಗೆ ಬರುವ ಹೊತ್ತಿಗೆ ತಂತಿ ಸಾಲದು ಅಥವಾ ಜೋಲುತ್ತದೆ. ಫೆವಿಕ್ವಿಕ್ ಬಗೆಯ ಅಂಟಿನ ಆವಿ ಬಣ್ಣದ ಮೇಲೆ ಬಿಳಿ ಮಂಜಾಗಿ ಕೂರುತ್ತದೆ, ಆದ್ದರಿಂದ ಲಗಾಮಿಗೆ ಫೆವಿಕಾಲ್ ಬಗೆಯ ಬಿಳಿ ಅಂಟು ಹಾಕಿ. ಹಿಡಿಯಲು ಹೊತ್ತು ಬೇಕು, ಕಾಯಿರಿ. ಎರಡು ಲಗಾಮು ಮುಗಿಸಿ, ಉಳಿದೆರಡನ್ನು ಮರುದಿನ ಮಾಡಿ. ಸಾರಥಿಯನ್ನೂ ಯೋಧನನ್ನೂ ಒಡಲಲ್ಲಿ ಕೂರಿಸುವುದು ಮೊದಲ ಲಗಾಮಿಗೆ ತುಸು ಮುಂಚೆ.

ನೆಲ

ಲಗಾಶ್ ಮತ್ತು ಉಮ್ಮಾ ಮರುಭೂಮಿಯ ಊರುಗಳಲ್ಲ. ನದಿಗಳು ತಂದು ಹಾಸಿದ ಮೆಕ್ಕಲು ಮಣ್ಣು, ಕಾಲುವೆ, ಬಾರ್ಲಿ ಹೊಲ, ಜೊಂಡು, ಖರ್ಜೂರದ ಮರ. ಹಳದಿ ಮರಳನ್ನು ಕೈಬಿಡಿ. ಒಣಗಿದ ಕೆರೆಯ ಹೂಳನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಬಿಸಿ ಮಾಡಿ ಹುಳುಹುಪ್ಪಟೆ ಕಳೆದು, ಬಿಳಿ ಅಂಟಿನ ಮೇಲೆ ಉದುರಿಸಿ. ಮೇಲೆ ಬೂದುಗಂದು ಬಣ್ಣ, ತಿಳಿ ಡ್ರೈಬ್ರಶ್. ಜೊಂಡಿಗೆ ತೆಂಗಿನ ನಾರು. ಬಂಡಿಯ ಚಕ್ರದ ಅಂಚಿಗೂ ಸೈನಿಕರ ಪಾದಕ್ಕೂ ಅದೇ ಬೂದುಗಂದನ್ನು ತೆಳುವಾಗಿ ಸವರಿ. ಮ್ಯಾಟ್ ವಾರ್ನಿಷ್‌ಗೆ ಬಿಸಿಲಿನ ದಿನ ಆರಿಸಿಕೊಳ್ಳಿ.

ಎದುರಾಳಿ

ಎದುರಿಗೆ ಈಜಿಪ್ಟಿನವರನ್ನು ನಿಲ್ಲಿಸಬೇಡಿ. ಸುಮೇರಿಯನ್ನರು ಹೆಚ್ಚಾಗಿ ಹೊಡೆದಾಡಿದ್ದು ತಮ್ಮ ನೆರೆಯವರೊಂದಿಗೆ, ಆದ್ದರಿಂದ ಗೆಳೆಯರೊಬ್ಬರಿಂದ ಇಂಥದ್ದೇ ಇನ್ನೊಂದು ದಂಡು ಕಟ್ಟಿಸಿ. ಒಬ್ಬರ ಗುರಾಣಿಗೆ ಎತ್ತಿನ ಚರ್ಮದ ಕಂದು, ಇನ್ನೊಬ್ಬರದಕ್ಕೆ ಡಾಂಬರಿನ ಕಪ್ಪು ಹಚ್ಚಿದರೆ ದೂರದಿಂದಲೂ ಗುರುತು ಸಿಗುತ್ತದೆ. ಆಡುವಾಗ ಬಂಡಿಯನ್ನು ಅಶ್ವದಳದಂತೆ ಓಡಿಸಬೇಡಿ. ನಾಲ್ಕು ಗಟ್ಟಿ ಚಕ್ರಗಳ ಬಂಡಿಗೆ ತಿರುಗಲು ಬಹಳ ಜಾಗ ಬೇಕು. ಈಟಿಗಾರರ ಸಾಲಿನ ಅಂಚಿನಲ್ಲಿ ಕಾಯಿಸಿ, ಎದುರಾಳಿಯ ಸಾಲು ಅಲುಗಿದ ಕೂಡಲೇ ನೇರವಾಗಿ ನುಗ್ಗಿಸಿ.

ಲಗಾಶ್ ಮತ್ತು ಉಮ್ಮಾ ಗುಎದಿನ್ನಾ ಎಂಬ ಫಲವತ್ತಾದ ಬಯಲಿಗಾಗಿ ತಲೆಮಾರುಗಳ ಕಾಲ ಕಾದಿದವು. ಕೀಶ್‌ನ ಅರಸ ಮೆಸಿಲಿಮ್ ಗಡಿ ಅಳೆಸಿ ಕಲ್ಲು ನೆಡಿಸಿದ್ದನೆಂದೂ ಉಮ್ಮಾದವರು ಅದನ್ನು ಕಿತ್ತರೆಂದೂ ಲಗಾಶ್‌ನ ಶಾಸನ ಹೇಳುತ್ತದೆ. ಮೊದಲ ಆಟಕ್ಕೆ ಮೇಜಿನ ನಡುವೆ ಒಂದು ಕಾಲುವೆ, ಎರಡು ಬಾರ್ಲಿ ಹೊಲ, ಒಂದು ಗಡಿಕಲ್ಲು ಇಡಿ. ಆಟ ಮುಗಿಯುವಾಗ ಕಲ್ಲಿನ ಬಳಿ ಯಾರ ಈಟಿಗಾರರು ನಿಂತಿರುತ್ತಾರೋ ಅವರದು ಗೆಲುವು. ಅಲ್ಲಿ ಬಂಡಿ ನಿಂತಿದ್ದರೆ ಲೆಕ್ಕಕ್ಕಿಲ್ಲ.