ಸ್ಕಿಲ್ ಲ್ಯಾಬಿನಲ್ಲಿ ಹತ್ತು ತಪ್ಪುಗಳ ಹಾಸಿಗೆ

ರೋಗಿಯ ಸುರಕ್ಷತೆಯ ಪಾಠವನ್ನು ನಾನು ಸ್ಲೈಡಿನಿಂದ ಶುರು ಮಾಡುವುದಿಲ್ಲ. ಸ್ಕಿಲ್ ಲ್ಯಾಬಿನಲ್ಲಿ (ಅಭ್ಯಾಸದ ಕೋಣೆಯಲ್ಲಿ) ಮ್ಯಾನಿಕಿನ್, ಅಂದರೆ ರೋಗಿಯಂಥ ಬೊಂಬೆಯನ್ನು ಮಲಗಿಸಿ, ಸುತ್ತ ಬೇಕೆಂದೇ ಹತ್ತು ತಪ್ಪು ಇಡುತ್ತೇನೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಒಳಗೆ ಬಂದು ಅವನ್ನು ಹುಡುಕಬೇಕು, ಎಂಟು ನಿಮಿಷ, ಕೈಯಲ್ಲಿ ಖಾಲಿ ಹಾಳೆ. ಚೆಕ್‌ಲಿಸ್ಟ್ ಕೊಟ್ಟರೆ ಅದರಲ್ಲಿರುವುದನ್ನಷ್ಟೇ ನೋಡುತ್ತಾರೆ. (ಬಾಗಿಲಲ್ಲಿ ಕೈಗೆ ಉಜ್ಜುವ ಸ್ಯಾನಿಟೈಸರ್, ಹ್ಯಾಂಡ್ ರಬ್, ಇರುತ್ತದೆ. 20–30 ಸೆಕೆಂಡು ಉಜ್ಜದೆ ಮ್ಯಾನಿಕಿನ್ ಮುಟ್ಟಿದರೆ ಅದು ಹನ್ನೊಂದನೆಯದು.)

ನೆಲದ ಮೇಲಿನ ಯೂರಿನ್ ಬ್ಯಾಗ್, ಕೈಗೆಟುಕದ ಕಾಲ್ ಬೆಲ್, ಎತ್ತರಕ್ಕೇರಿಸಿ ಬಿಟ್ಟ ಹಾಸಿಗೆ, ಮುಕ್ಕಾಲು ದಾಟಿ ತುಂಬಿದ ಸೂಜಿಡಬ್ಬಿ, ಹಾಕಿದ ತಾರೀಖು ಬರೆಯದ ಕ್ಯಾನುಲಾ (ಡ್ರಿಪ್‌ಗಾಗಿ ರಕ್ತನಾಳಕ್ಕೆ ಹಾಕುವ ಕೊಳವೆ): ಈ ಐದನ್ನು ಬಹುತೇಕ ಎಲ್ಲರೂ ಹಿಡಿಯುತ್ತಾರೆ. ಉಳಿದ ಐದು ಎರಡು ಕಡೆ ನೋಡಿ ತಾಳೆ ಹಾಕಿದರೆ ಮಾತ್ರ ಕಾಣುವಂಥವು. ಕೈಪಟ್ಟಿಯಲ್ಲಿ ಪೆನಿಸಿಲಿನ್ ಅಲರ್ಜಿ, ಚಾರ್ಟಿನಲ್ಲಿ ಅಮಾಕ್ಸಿಸಿಲಿನ್. ಎರಡರಲ್ಲೂ ಹೆಸರು ಒಂದೇ, ಆಸ್ಪತ್ರೆ ನಂಬರಿನ ಕೊನೆಯ ಎರಡು ಅಂಕಿ ಅದಲುಬದಲು. ಪಾಳಿ ಬದಲಾಗುವಾಗ ಒಪ್ಪಿಸುವ ಹ್ಯಾಂಡೋವರ್ ಶೀಟಿನಲ್ಲಿ ಬಾಯಿಗೇನೂ ಕೊಡಬಾರದೆಂದಿದ್ದರೂ ಪಕ್ಕದಲ್ಲಿ ಅರ್ಧ ಕುಡಿದ ನೀರಿನ ಲೋಟ. 500 ಮಿ.ಲೀ. ಡ್ರಿಪ್ 4 ಗಂಟೆಯಲ್ಲಿ ಮುಗಿಯಬೇಕು ಎಂದರೆ, ಮಿ.ಲೀ.ಗೆ 20 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ 42 ಹನಿ. ನಾನು 80ರ ಆಸುಪಾಸಿಗೆ ಬಿಟ್ಟಿರುತ್ತೇನೆ.

ಹೆಚ್ಚು ಜನ ಎಡವುವುದು ಇನ್ಸುಲಿನ್‌ನಲ್ಲಿ. ವಯಲ್ (ಔಷಧಿಯ ಸಣ್ಣ ಬಾಟಲಿ) ಮಿ.ಲೀ.ಗೆ 100 ಯೂನಿಟ್‌ನದು, ಪಕ್ಕದ ಸಿರಿಂಜಿನ ಗೆರೆಗಳು ಮಿ.ಲೀ.ಗೆ 40 ಯೂನಿಟ್‌ನ ಇನ್ಸುಲಿನ್‌ಗೆ ಹಾಕಿದವು. ಅದರಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ವಯಲ್ ಸರಿಯಿದೆ, ಸಿರಿಂಜ್ ಸರಿಯಿದೆ, ಡೋಸ್ ಸರಿಯಿದೆ. ಜೋಡಿ ಮಾತ್ರ ತಪ್ಪು. ಮಾತಿನಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ. ಬಣ್ಣದ ನೀರು ಎಳೆಸಿ, 1 ಮಿ.ಲೀ. ಸಿರಿಂಜಿನಲ್ಲಿ ಅಳೆಸಿದಾಗ 0.25, ಅಂದರೆ 25 ಯೂನಿಟ್, ಕಂಡು ಗಾಬರಿಯಾಗುತ್ತಾರೆ.

ಆಮೇಲಿನ ಚರ್ಚೆಗೆ ಹುಡುಕಾಟಕ್ಕಿಂತ ಜಾಸ್ತಿ ಹೊತ್ತು ಬೇಕು, ಕಡಿಮೆಯೆಂದರೆ 20 ನಿಮಿಷ. ‘ಯಾರು ಮಾಡಿದ್ದು’ ಅನ್ನುವ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಅದನ್ನು ಕೇಳಿದ ಕಡೆ ಮುಂದೆ ವಾರ್ಡಿನಲ್ಲಿ ಯಾರೂ ಇನ್ಸಿಡೆಂಟ್ ರಿಪೋರ್ಟ್ (ನಡೆದ ತಪ್ಪಿನ ವರದಿ) ಬರೆಯುವುದಿಲ್ಲ. ಡ್ರಿಪ್ ಯಾಕೆ ಓಡಿತು? ರೋಗಿ ಕೈ ಮಡಚಿದ್ದಾಗ ಹನಿ ಎಣಿಸಿದ್ದಿರಬಹುದು, ಕೈ ನೀಡಿದ ಮೇಲೆ ಮತ್ತೆ ಎಣಿಸಿರಲಿಕ್ಕಿಲ್ಲ. ರಿಪೋರ್ಟಿನಲ್ಲೂ ‘ಸಿಸ್ಟರ್ ಗಮನಿಸಲಿಲ್ಲ’ ಎಂಬ ಸಾಲು ಬಂದರೆ ವಾಪಸ್. ಕಂಡದ್ದು, ಸಮಯ, ಕೂಡಲೇ ಮಾಡಿದ್ದು, ಇಷ್ಟು ಸಾಕು.

ಎರಡು ವಾರದ ನಂತರ ತಪ್ಪು ಬದಲಿಸಿ ಜೋಡಿಯಾಗಿ ಕಳಿಸುತ್ತೇನೆ. ಒಬ್ಬರು ಚಾರ್ಟ್ ಓದಬೇಕು, ಇನ್ನೊಬ್ಬರು ಕೈಪಟ್ಟಿ. ಇಬ್ಬರೂ ಒಂದೇ ಕಾಗದ ನೋಡಿ ‘ಸರಿಯಿದೆ’ ಎಂದರೆ ಅದು ಡಬಲ್ ಚೆಕ್ ಅಲ್ಲ.

ಬಣ್ಣದ ನೀರಿನ ವಯಲ್‌ಗಳ ಮೇಲೆ ‘ತರಬೇತಿಗೆ ಮಾತ್ರ’ ಚೀಟಿ ಇರಲಿ, ಲ್ಯಾಬ್ ಮುಚ್ಚುವಾಗ ಎಣಿಸಿ ಒಳಗಿಡಿ. ಒಂದು ಯಾರದೋ ಏಪ್ರನ್ ಜೇಬಿನಲ್ಲಿ ಕೂತು ವಾರ್ಡ್ ಸೇರಬಾರದಲ್ಲ.